ಬೂದಿಗೆ ಬೀಗ ಹಾಕಲಾಗದು: ಇ-ತ್ಯಾಜ್ಯದ ಕಾನೂನು ಮತ್ತು ಊರಿನ ಹೋರಾಟ, ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆ ಟಿವಿ, ಕಂಪ್ಯೂಟರ್, ಮೊಬೈಲ್, ವೈರುಗಳ ಕಸದ, ಅಂದರೆ ಇ-ತ್ಯಾಜ್ಯದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದೇ ಮಾತು: ಯಾರ ಬಾಗಿಲು ತಟ್ಟಬೇಕು? ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಮಾಡಿದ್ದೇವೆ. ಪತ್ರ ಬರೆದವರ ಹೆಸರು ಹಾಕಿಲ್ಲ.

ನಮ್ಮೂರ ಕೆರೆ ಏರಿಯ ಪಕ್ಕ ಒಂದು ತಗಡಿನ ಶೆಡ್ ಇದೆ. ರಾತ್ರಿ ಹನ್ನೊಂದರ ಮೇಲೆ ಅಲ್ಲಿ ವೈರು, ಸರ್ಕೀಟ್ ಬೋರ್ಡು ಸುಡುತ್ತಾರೆ. ಎರಡು ಸಲ ದೂರು ಕೊಟ್ಟೆವು. ಅಧಿಕಾರಿಗಳು ಮಧ್ಯಾಹ್ನ ಬಂದು ಬೀಗ ನೋಡಿ, ‘ಚಟುವಟಿಕೆ ಕಂಡುಬಂದಿಲ್ಲ’ ಎಂದು ಹಿಂಬರಹ ಕೊಟ್ಟರು. ಊರಿನವರು ರಸ್ತೆ ತಡೆಗೆ ಸಿದ್ಧರಾಗಿದ್ದಾರೆ. ಮಾಡಬಹುದೇ?
— ಗ್ರಾಮ ಪಂಚಾಯಿತಿ ಸದಸ್ಯೆ, ಬೆಂಗಳೂರು ಗ್ರಾಮಾಂತರ ಜಿಲ್ಲೆ

ರಸ್ತೆ ತಡೆ ಈಗಲೇ ಬೇಡ. ಅದರಿಂದ ನಿಲ್ಲುವುದು ಬಸ್ಸು, ಬೆಂಕಿಯಲ್ಲ. ದಾರಿಗೆ ಅಡ್ಡಿ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಅಡಿ ಮೊಕದ್ದಮೆ ಬೀಳುವುದೂ ನಿಮ್ಮವರ ಮೇಲೆಯೇ.

ನಿಮ್ಮ ದೂರು ಎರಡು ಸಲವೂ ಬಿದ್ದುಹೋಗಲು ಕಾರಣ, ಅದರಲ್ಲಿ ‘ಸುಡುತ್ತಿದ್ದಾರೆ’ ಎಂದಷ್ಟೇ ಇದ್ದದ್ದು. ಅಧಿಕಾರಿ ಬಂದ ಹೊತ್ತಿಗೆ ಯಾರೂ ಸುಡುತ್ತಿರಲಿಲ್ಲ, ಹಾಗಾಗಿ ಹಿಂಬರಹ ಬರೆಯುವುದು ಸುಲಭವಾಯಿತು. ದೂರು ಬೆಂಕಿಯ ಮೇಲಲ್ಲ, ಬೂದಿಯ ಮೇಲಿರಲಿ. ಶೆಡ್‌ಗೆ ಬೀಗ ಹಾಕಬಹುದು, ಸುತ್ತ ಚೆಲ್ಲಿದ ಬೂದಿಗೆ ಹಾಕಲಾಗದು. ವೈರು ಸುಟ್ಟ ಜಾಗದಲ್ಲಿ ಕಪ್ಪು ಬೂದಿಯ ನಡುವೆ ಕೂದಲೆಳೆಯಂಥ ತಾಮ್ರದ ಚೂರುಗಳು ಉಳಿದಿರುತ್ತವೆ. ಬೋರ್ಡ್ ಸುಟ್ಟರೆ ಬೂದು ಬಣ್ಣದ, ಬಟ್ಟೆಯ ನೇಯ್ಗೆಯಂತೆ ಕಾಣುವ ಗಾಜಿನ ನಾರಿನ ಹಾಳೆಗಳು ಸಿಗುತ್ತವೆ. ಆಸಿಡ್‌ನಲ್ಲಿ ಅದ್ದಿ ಲೋಹ ತೆಗೆಯುತ್ತಿದ್ದರೆ ನೀಲಿ-ಹಸಿರು ಬಣ್ಣದ ನೀರು ನಿಂತಿರುತ್ತದೆ, ಪ್ಲಾಸ್ಟಿಕ್ ಡ್ರಮ್ಮುಗಳೂ ಕಾಣುತ್ತವೆ. ಈ ಮೂರರಲ್ಲಿ ನಿಮ್ಮಲ್ಲಿ ಯಾವುದು ನಡೆದಿದೆ ಎಂದು ದೂರಿನಲ್ಲಿ ಬಿಡಿಸಿ ಬರೆಯಿರಿ. ಫೋಟೊದಲ್ಲಿ ದಿನಾಂಕ, ಸಮಯ, ಜಿಪಿಎಸ್ ಗುರುತು ಇರಲಿ. ಶೆಡ್ಡಿನ ಒಳಗೆ ನುಗ್ಗಬೇಡಿ, ಕೆರೆ ಏರಿ ಅಥವಾ ರಸ್ತೆಯ ಮೇಲೆ ನಿಂತೇ ತೆಗೆಯಿರಿ. ಮಾಲು ತರುವ ಗಾಡಿಗಳ ನಂಬರು ಬರೆದಿಡಿ.

ಆಮೇಲೆ ಮಣ್ಣು. ಬೂದಿ ಬಿದ್ದ ಜಾಗದಲ್ಲಿ ಐದು ಕಡೆ ಮೇಲಿನ 5 ಸೆಂ.ಮೀ. ಮಣ್ಣನ್ನು ಪ್ಲಾಸ್ಟಿಕ್ ಚಮಚೆಯಿಂದ ಕೆರೆದು, ಒಟ್ಟಿಗೆ ಕಲಸಿ, ಅರ್ಧ ಕಿಲೋದಷ್ಟು ಹೊಸ ಪಾಲಿಥೀನ್ ಚೀಲಕ್ಕೆ ಹಾಕಿ. ಗಾಳಿ ಬೀಸಿ ಬರುವ ದಿಕ್ಕಿನಲ್ಲಿ ಅರ್ಧ ಕಿಲೋಮೀಟರ್ ಆಚೆಯಿಂದ ಇನ್ನೊಂದು ಚೀಲ ಮಣ್ಣು ತನ್ನಿ. ಈ ಎರಡನೆಯ ಚೀಲವನ್ನು ಎಲ್ಲರೂ ಮರೆಯುತ್ತಾರೆ. ಅದಿಲ್ಲದಿದ್ದರೆ ‘ನಿಮ್ಮ ಮಣ್ಣಿನಲ್ಲೇ ಮೊದಲಿಂದ ಸೀಸ ಇತ್ತು’ ಎಂಬ ವಾದಕ್ಕೆ ಉತ್ತರ ಇರುವುದಿಲ್ಲ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕೊಟ್ಟು ಸೀಸ, ತಾಮ್ರ, ಕ್ಯಾಡ್ಮಿಯಂ, ನಿಕ್ಕಲ್, ಆಂಟಿಮನಿ ಪರೀಕ್ಷೆ ಮಾಡಿಸಿ. ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟಾಗ ಡಯಾಕ್ಸಿನ್ ಎಂಬ ಕಡುವಿಷ ಹುಟ್ಟುವುದು ನಿಜ, ಆದರೆ ಅದರ ಪರೀಕ್ಷೆ ಬಹಳ ದುಬಾರಿ. ಮೊದಲ ಹಂತಕ್ಕೆ ಲೋಹಗಳು ಸಾಕು. ಹತ್ತಿರದ ಬೋರ್‌ವೆಲ್ ನೀರನ್ನೂ ಕೊಡುವುದಾದರೆ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಪಡೆಯಿರಿ. ಲೋಹದ ಪರೀಕ್ಷೆಯ ಬಾಟಲಿಗೆ ನೈಟ್ರಿಕ್ ಆಸಿಡ್ ಹನಿ ಹಾಕಿರಬೇಕು, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ಫಲಿತಾಂಶ ಕಡಿಮೆ ಬರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ 10500ರ ಮಿತಿ ಹೀಗಿದೆ: ಸೀಸ ಲೀಟರಿಗೆ 0.01 ಮಿ.ಗ್ರಾಂ, ಕ್ಯಾಡ್ಮಿಯಂ 0.003, ನಿಕ್ಕಲ್ 0.02. ಖಾಸಗಿ ವರದಿಯೊಂದರಿಂದಲೇ ಘಟಕ ಮುಚ್ಚುವುದಿಲ್ಲ. ಆದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯೇ ಬಂದು ಮಾದರಿ ತೆಗೆಯಬೇಕೆಂದು ಒತ್ತಾಯಿಸಲು ಅದಕ್ಕಿಂತ ಒಳ್ಳೆಯ ಆಧಾರ ಇಲ್ಲ.

ಹೊಸ ದೂರನ್ನು ಒಂದೇ ದಿನ ಮೂವರಿಗೆ ಕೊಡಿ: ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿ, ತಹಸೀಲ್ದಾರ್, ಪಿಡಿಒ. ಮೂರರಲ್ಲೂ ‘ಪ್ರತಿ’ ಎಂದು ಉಳಿದಿಬ್ಬರ ಹೆಸರಿರಲಿ. ಟಪಾಲಿನಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ಇಂಥ ದೂರುಗಳು ಸಾಯುವುದು ಕಚೇರಿಗಳ ನಡುವಿನ ಓಡಾಟದಲ್ಲಿ. ‘ಆ ಘಟಕ ನಮ್ಮಲ್ಲಿ ನೋಂದಣಿಯೇ ಆಗಿಲ್ಲ, ಪಂಚಾಯಿತಿ ನೋಡಿಕೊಳ್ಳಲಿ’ ಎಂದು ಮಂಡಳಿ, ‘ಮಾಲಿನ್ಯ ನಮ್ಮ ವ್ಯಾಪ್ತಿಯಲ್ಲ’ ಎಂದು ಪಂಚಾಯಿತಿ. ಮೊದಲ ಮಾತು ತಪ್ಪು. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಯಡಿ ಮಂಡಳಿಯ ಸಮ್ಮತಿ ಪತ್ರ ಇಲ್ಲದೆ ನಡೆಸುವುದೇ ಉಲ್ಲಂಘನೆ. ಘಟಕ ಮುಚ್ಚಿಸಲು, ಕರೆಂಟು-ನೀರು ಕಡಿತಗೊಳಿಸಲು ವಾಯು ಕಾಯ್ದೆಯ 31ಎ, ಜಲ ಕಾಯ್ದೆಯ 33ಎ ಕಲಂಗಳು ಮಂಡಳಿಗೆ ಅಧಿಕಾರ ಕೊಟ್ಟಿವೆ. ದೂರಿನಲ್ಲಿ ಈ ಕಲಂಗಳನ್ನು ಬರೆದು ಮೂರು ಬೇಡಿಕೆ ಇಡಿ: ರಾತ್ರಿ ಹೊತ್ತು ಜಂಟಿ ತಪಾಸಣೆ, ಊರಿನವರ ಸಹಿ ಇರುವ ಮಹಜರು, ಬೂದಿಯ ಅಧಿಕೃತ ಮಾದರಿ.

ತಹಸೀಲ್ದಾರರಿಗೆ ಕೊಡುವ ಪ್ರತಿಯಲ್ಲಿ ಎರಡು ವಿಷಯ ಹೆಚ್ಚಿಗೆ ಸೇರಿಸಿ. ಮೊದಲನೆಯದು ಪಹಣಿ. ಸರ್ವೆ ನಂಬರಿನ ಪಹಣಿ ತೆಗೆಸಿ ನೋಡಿ, ಜಮೀನು ಕೃಷಿಯದ್ದೇ ಆಗಿದ್ದು ಭೂಪರಿವರ್ತನೆ ಆಗಿಲ್ಲದಿದ್ದರೆ ಕ್ರಮ ಕೈಗೊಳ್ಳಲು ಕಂದಾಯ ಇಲಾಖೆಗೆ ಬೂದಿಯೂ ಬೇಡ, ಹೊಗೆಯೂ ಬೇಡ. ಸುಡುವವರು ಬಾಡಿಗೆಗೆ ಬಂದವರು, ನಾಳೆ ಇನ್ನೊಂದು ಊರಿಗೆ ಹೋಗುತ್ತಾರೆ. ಜಮೀನಿನ ಮಾಲೀಕರು ಎಲ್ಲಿಗೂ ಹೋಗುವುದಿಲ್ಲ. ನೋಟಿಸ್ ಅವರಿಗೆ ತಲುಪಿದ ವಾರದಲ್ಲೇ ಶೆಡ್ ಖಾಲಿಯಾಗುವುದುಂಟು. ಎರಡನೆಯದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 133 ಆಗಿದ್ದದ್ದು ಇದೇ. ಸಾರ್ವಜನಿಕ ಉಪದ್ರವವನ್ನು ತೆಗೆಸಲು ಕಾರ್ಯನಿರ್ವಾಹಕ ದಂಡಾಧಿಕಾರಿ ಇದರಡಿ ಷರತ್ತಿನ ಆದೇಶ ಹೊರಡಿಸಬಹುದು. 1980ರಲ್ಲಿ ರತ್ಲಾಂ ಪುರಸಭೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಈ ಅಧಿಕಾರವನ್ನೇ. ಉಪವಿಭಾಗಾಧಿಕಾರಿಗೂ ಅರ್ಜಿ ಹಾಕಬಹುದು.

ಇದರ ಜತೆಗೇ ಗ್ರಾಮಸಭೆಯಲ್ಲಿ ವಿಷಯ ಇಟ್ಟು ನಿರ್ಣಯ ಬರೆಸಿ, ನಡಾವಳಿಯ ದೃಢೀಕೃತ ನಕಲು ಪಡೆಯಿರಿ. ನೀವು ಸದಸ್ಯೆಯಾಗಿರುವುದರಿಂದ ಇದು ನಿಮ್ಮ ಕೈಯಲ್ಲೇ ಇದೆ. ಮಾಹಿತಿ ಹಕ್ಕಿನಡಿ ಮಂಡಳಿಗೆ 10 ರೂಪಾಯಿಯ ಅರ್ಜಿ ಹಾಕಿ, ಆ ಸರ್ವೆ ನಂಬರಿಗೆ ಕೊಟ್ಟ ಸಮ್ಮತಿ ಪತ್ರಗಳು, ಮೂರು ವರ್ಷದ ತಪಾಸಣಾ ವರದಿಗಳು, ನೋಟಿಸುಗಳ ನಕಲು ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ವಾಪಸು ಬರುತ್ತದೆ. ದಾಖಲೆಯ ನಕಲನ್ನೇ ಕೇಳಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ.

ಕೊನೆಯ ಬಾಗಿಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ಕರ್ನಾಟಕ ಬರುವುದು ಚೆನ್ನೈನ ದಕ್ಷಿಣ ಪೀಠದ ಕೆಳಗೆ. ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ, ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಅರ್ಜಿ ಇಂಗ್ಲಿಷಿನಲ್ಲಿರಬೇಕು, ಕನ್ನಡದ ದಾಖಲೆಗಳಿಗೆ ಅನುವಾದ ಲಗತ್ತಿಸಬೇಕು. ಅನೇಕ ಊರುಗಳು ಎಡವುವುದು ಅವಧಿಯ ವಿಷಯದಲ್ಲಿ. ಈ ನ್ಯಾಯಮಂಡಳಿಯ 2010ರ ಕಾಯ್ದೆಯ 14ನೇ ಕಲಂ ಅಡಿ, ತಕರಾರು ಹುಟ್ಟಿದ ದಿನದಿಂದ ಆರು ತಿಂಗಳು, ತಕ್ಕ ಕಾರಣ ಇದ್ದರೆ ಇನ್ನು 60 ದಿನ. ಪರಿಹಾರ ಕೇಳುವ 15ನೇ ಕಲಂಗೆ ಐದು ವರ್ಷ. ಮನವಿ ಮೇಲೆ ಮನವಿ ಕೊಡುತ್ತ ಎರಡು ವರ್ಷ ಕಳೆದು ಹೋದರೆ ಮೊದಲ ವಿಚಾರಣೆಯಲ್ಲೇ ‘ತಡವಾಗಿದೆ’ ಎಂಬ ಆಕ್ಷೇಪ ಬರುತ್ತದೆ. ನಿಮ್ಮ ಮೊದಲ ದೂರಿನ ದಿನಾಂಕವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಶೆಡ್ ಖಾಲಿಯಾದ ಮೇಲೂ ಬೂದಿ ಉಳಿಯುತ್ತದಲ್ಲ, ಅದಕ್ಕೆ 2025ರ ಜುಲೈನಲ್ಲಿ ಕಲುಷಿತ ಜಾಗಗಳ ನಿರ್ವಹಣೆಗೆಂದೇ ಬೇರೆ ನಿಯಮ ಬಂದಿದೆ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ಜಾಗಗಳ ಪಟ್ಟಿ ಕೊಡಬೇಕು, ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು. ನಿಮ್ಮ ಸರ್ವೆ ನಂಬರು ಆ ಪಟ್ಟಿಗೆ ಸೇರಬೇಕೆಂದು ಜಿಲ್ಲಾಧಿಕಾರಿಗೆ ಬರೆಯಿರಿ. ಅಲ್ಲಿಯವರೆಗೆ ಮಕ್ಕಳು ಆ ಬಯಲಿನಲ್ಲಿ ಆಡದಂತೆ ನೋಡಿಕೊಳ್ಳಿ. ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಅದರ ಮೂಲ ಹುಡುಕಿ ತಪ್ಪಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಮಟ್ಟದಲ್ಲಿ ಹೊರಗೆ ಕಾಣುವ ಯಾವ ಲಕ್ಷಣವೂ ಇರುವುದಿಲ್ಲ.

ಇಷ್ಟೂ ಕಾಗದ ಕೈಯಲ್ಲಿದ್ದ ಮೇಲೆ ಧರಣಿ ಕೂರಿ. ಆಗ ಕೂರುವುದು ಕಚೇರಿಯ ಮುಂದೆ, ರಸ್ತೆಯ ಮೇಲಲ್ಲ. ಕೇಳುವುದೂ ‘ನ್ಯಾಯ ಕೊಡಿ’ ಎಂದಲ್ಲ, ‘ಇಂಥ ದಿನಾಂಕದ, ಇಂಥ ಸ್ವೀಕೃತಿ ಸಂಖ್ಯೆಯ ದೂರಿನ ಮೇಲೆ 31ಎ ಆದೇಶ ಎಲ್ಲಿ’ ಎಂದು.

ಮೊಬೈಲ್ ರಿಪೇರಿ ಅಂಗಡಿ ಇದೆ. ಹಳೆ ಫೋನ್ ಕೊಂಡು ಸರಿಮಾಡಿ ಮಾರುವುದೂ ಉಂಟು. ಹೊಸ ನಿಯಮದಲ್ಲಿ ನೋಂದಣಿ ಕಡ್ಡಾಯ ಎನ್ನುತ್ತಾರೆ. ಗುಜರಿಯವರಿಗೆ ಬೋರ್ಡ್ ಮಾರಿದರೆ ದಂಡ ಬೀಳುತ್ತದೆಯೇ?
— ಹುಬ್ಬಳ್ಳಿ

ಗಿರಾಕಿಯ ಫೋನನ್ನು ಸರಿಮಾಡಿ ಅವರಿಗೇ ವಾಪಸು ಕೊಡುವುದು ಬೇರೆ. ಹಳೆಯದನ್ನು ಕೊಂಡು, ಸರಿಮಾಡಿ, ಮಾರುಕಟ್ಟೆಗೆ ಬಿಡುವುದು ಬೇರೆ. 2022ರ ನವೆಂಬರ್‌ನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ನವೀಕರಣಕಾರ ಎನ್ನಿಸಿಕೊಳ್ಳುವುದು ಎರಡನೆಯ ಕೆಲಸ. ಆದರೆ ಸಣ್ಣ ಉದ್ಯಮಗಳ (ಎಂಎಸ್‌ಎಂಇ) 2006ರ ಕಾಯ್ದೆಯ ಪ್ರಕಾರ ಸೂಕ್ಷ್ಮ ಉದ್ಯಮವಾಗಿದ್ದರೆ ಈ ನಿಯಮಗಳೇ ಅನ್ವಯಿಸುವುದಿಲ್ಲ. 2025ರ ಏಪ್ರಿಲ್‌ನಿಂದ ಸೂಕ್ಷ್ಮ ಉದ್ಯಮದ ಮಿತಿ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ರೂಪಾಯಿ. ಬೀದಿಯ ಅಂಗಡಿಗಳೆಲ್ಲ ಇದರೊಳಗೇ ಬರುತ್ತವೆ. ಉದ್ಯಮ್ ನೋಂದಣಿ ಪತ್ರ ಮಾಡಿಸಿ ಅಂಗಡಿಯಲ್ಲಿಡಿ, ಅದಕ್ಕೆ ಹಣ ಕೊಡಬೇಕಿಲ್ಲ.

ಈ ವಿನಾಯಿತಿಯನ್ನು ಕೆಲವರು ಕೊಡೆಯಂತೆ ಎಲ್ಲದಕ್ಕೂ ಹಿಡಿಯುತ್ತಾರೆ. ಅದು ಈ ಒಂದು ನಿಯಮಕ್ಕೆ ಮಾತ್ರ. ಜಲ, ವಾಯು ಕಾಯ್ದೆಗಳಿಂದ ಬಿಡುಗಡೆ ಇಲ್ಲ. ಸೂಕ್ಷ್ಮ ಉದ್ಯಮ ಎಂದು ಹೇಳಿಕೊಂಡು ಹಿತ್ತಲಲ್ಲಿ ಬೋರ್ಡನ್ನು ಆಸಿಡ್‌ಗೆ ಅದ್ದಿದರೆ ಅದು ಅಪರಾಧವೇ. ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ 2024ರ ಏಪ್ರಿಲ್‌ನಿಂದ ಜೈಲಿನ ಬದಲು 10,000ದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬಂದಿದೆ. ಜೈಲು ತೆಗೆದದ್ದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ದೊಡ್ಡ ವ್ಯಾಪಾರಿಗೆ ದಂಡವೆಂದರೆ ಖರ್ಚಿನ ಇನ್ನೊಂದು ಬಾಬತ್ತು.

ಸತ್ತ ಬೋರ್ಡುಗಳನ್ನು ಕಿಲೋಗಟ್ಟಲೆ ಸೇರಿಸಿಟ್ಟು ನೋಂದಾಯಿತ ಮರುಬಳಕೆದಾರರಿಗೆ ಕೊಡಿ. ಐದಾರು ಅಂಗಡಿಯವರು ಒಟ್ಟಾದರೆ ಗಾಡಿ ಬರುವಷ್ಟು ತೂಕ ಆಗುತ್ತದೆ. ಉಬ್ಬಿದ ಬ್ಯಾಟರಿಯನ್ನು ಬೋರ್ಡಿನ ಡಬ್ಬಿಗೆ ಹಾಕಬೇಡಿ. ತುದಿಗಳಿಗೆ ಟೇಪ್ ಸುತ್ತಿ, ಒಣ ಮರಳಿರುವ ಲೋಹದ ಡಬ್ಬಿಯಲ್ಲಿ ಬೇರೆಯಾಗಿ ಇಡಿ. ಬ್ಯಾಟರಿಗೆ ಅನ್ವಯಿಸುವುದು 2022ರ ಆಗಸ್ಟ್‌ನಲ್ಲಿ ಬಂದ ಇನ್ನೊಂದು ನಿಯಮ.

ನಮ್ಮದು 240 ಮನೆಗಳ ಅಪಾರ್ಟ್‌ಮೆಂಟ್. ಪ್ರತಿ ವರ್ಷ ಇ-ತ್ಯಾಜ್ಯ ಸಂಗ್ರಹ ದಿನ ಮಾಡುತ್ತೇವೆ. ಒಯ್ಯುವವರು ‘ಹಸಿರು ಪ್ರಮಾಣಪತ್ರ’ ಕೊಡುತ್ತಾರೆ. ಅದಕ್ಕೆ ಬೆಲೆ ಇದೆಯೇ? ನಾವು ಸಗಟು ಬಳಕೆದಾರರೇ?
— ನಿವಾಸಿಗಳ ಸಂಘ, ಬೆಂಗಳೂರು

ಸಗಟು ಬಳಕೆದಾರ ಅಂದರೆ ಒಂದು ಹಣಕಾಸು ವರ್ಷದಲ್ಲಿ ಯಾವುದೇ ಹೊತ್ತಿಗೆ, ಇ-ತ್ಯಾಜ್ಯ ನಿಯಮದ ಪಟ್ಟಿಯಲ್ಲಿರುವ 1,000 ಉಪಕರಣಗಳನ್ನಾದರೂ ಬಳಸಿದ ಸಂಸ್ಥೆ. ಸಂಘದ ಹೆಸರಿನಲ್ಲಿ ಇರುವುದು ಲಿಫ್ಟಿನ ಫಲಕ, ಸಿಸಿಟಿವಿ, ಕಚೇರಿಯ ಕಂಪ್ಯೂಟರು, ದೀಪ. ಆ ಸಂಖ್ಯೆ ಮುಟ್ಟುವುದು ಕಷ್ಟ. ಮನೆಯೊಳಗಿನ ಟಿವಿ, ಫ್ರಿಜ್ಜು ಆಯಾ ಮನೆಯವರದು. 2016ರ ನಿಯಮದಲ್ಲಿ ಸಾಮಾನ್ಯ ಬಳಕೆದಾರರ ಮೇಲೂ ಹೊಣೆ ಇತ್ತು, 2022ರದು ಅದನ್ನು ಸಗಟು ಬಳಕೆದಾರರಿಗೆ ಮಾತ್ರ ಉಳಿಸಿಕೊಂಡಿದೆ. ಅಂದರೆ ನೀವು ಮಾಡುತ್ತಿರುವುದು ಸ್ವಂತ ಮನಸ್ಸಿನಿಂದ. ಅದು ವ್ಯರ್ಥವಾಗದಂತೆ ನೋಡಿಕೊಳ್ಳಬೇಕಾದವರೂ ನೀವೇ.

ಹಸಿರು ಪ್ರಮಾಣಪತ್ರಕ್ಕೆ ಕಾನೂನಿನಲ್ಲಿ ಯಾವ ಸ್ಥಾನವೂ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಇ-ತ್ಯಾಜ್ಯ ಪೋರ್ಟಲ್‌ನಲ್ಲಿ ಮರುಬಳಕೆದಾರರ ಪಟ್ಟಿ ಇದೆ. ಒಯ್ಯುವವರ ಹೆಸರು, ವಿಳಾಸ ಅಲ್ಲಿದೆಯೇ ನೋಡಿ. ಅವರು ಬರೀ ಸಂಗ್ರಹ ಮಾಡುವವರಾದರೆ ಯಾವ ಘಟಕಕ್ಕೆ ಕೊಡುತ್ತಾರೆ ಎಂದು ಕೇಳಿ, ಆ ಘಟಕದಿಂದಲೇ ತೂಕದ ರಸೀದಿ ಬರಬೇಕೆಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ನಿಮ್ಮ ಗೇಟಿನಲ್ಲಿ ತೂಗಿದ್ದು, ಘಟಕದಲ್ಲಿ ಇಳಿದದ್ದು ಎರಡೂ ಹೊಂದಬೇಕು. ನಡುದಾರಿಯಲ್ಲಿ ಬೋರ್ಡು, ತಾಮ್ರದ ಸುರುಳಿ, ಕಂಪ್ರೆಸರ್ ಮಾಯವಾಗಿ, ಹಣ ಹುಟ್ಟದ ಟಿವಿ ಗಾಜು, ಫೋಮು ಖಾಲಿ ನಿವೇಶನಕ್ಕೆ ಬೀಳುವುದು ಈ ವ್ಯಾಪಾರದ ಹಳೆಯ ರೋಗ. ಹಳೆ ಡಬ್ಬಿ ಟಿವಿಯ ಹಿಂಬದಿಯ ಕೊಳವೆ ಗಾಜಿನಲ್ಲಿ ಕಾಲುಭಾಗದಷ್ಟು ಸೀಸದ ಆಕ್ಸೈಡ್ ಇರುತ್ತದೆ, ಅದನ್ನು ಯಾವ ಗುಜರಿಯವರೂ ಪ್ರೀತಿಯಿಂದ ಒಯ್ಯುವುದಿಲ್ಲ. ಅದಕ್ಕೇ ‘ಟಿವಿ ಎಷ್ಟು, ಎಷ್ಟು ಕಿಲೋ’ ಎಂದು ರಸೀದಿಯಲ್ಲಿ ಬೇರೆಯಾಗಿ ಬರೆಸಿ.

ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬುಗಳಲ್ಲಿ ಪಾದರಸ ಇದೆ. ಅವನ್ನು ಗೋಣಿಚೀಲಕ್ಕೆ ತುಂಬದೆ, ಬಂದ ರಟ್ಟಿನ ಡಬ್ಬಿಯಲ್ಲೇ ನಿಲ್ಲಿಸಿಡಿ. ಫ್ರಿಜ್ಜಿನ ಗ್ಯಾಸ್ ಪೈಪನ್ನು ನಿಮ್ಮ ಅಂಗಳದಲ್ಲೇ ಕತ್ತರಿಸಲು ಬಿಡಬೇಡಿ.

ನಮ್ಮ ಪಕ್ಕದ ಕೈಗಾರಿಕಾ ಪ್ರದೇಶಕ್ಕೆ ಇ-ತ್ಯಾಜ್ಯ ಮರುಬಳಕೆ ಘಟಕ ಬರುತ್ತದಂತೆ. ಊರು ಎರಡಾಗಿದೆ. ಒಬ್ಬರು ವಿಷ ಎನ್ನುತ್ತಾರೆ, ಒಬ್ಬರು ಕೆಲಸ ಎನ್ನುತ್ತಾರೆ. ವಿರೋಧಿಸಬೇಕೇ?
— ತುಮಕೂರು ಜಿಲ್ಲೆಯ ಓದುಗರು

ಮೊದಲು ಅಲ್ಲಿ ಏನು ಮಾಡುತ್ತಾರೆ ಎಂದು ತಿಳಿಯಿರಿ. ‘ಮರುಬಳಕೆ’ ಎಂಬ ಒಂದೇ ಫಲಕದ ಕೆಳಗೆ ನಾಲ್ಕು ಬೇರೆ ಕೆಲಸಗಳು ನಡೆಯುತ್ತವೆ. ಸ್ಕ್ರೂ ಬಿಚ್ಚಿ ಕೈಯಲ್ಲಿ ವಿಂಗಡಿಸುವುದು ಒಂದು. ಬೋರ್ಡನ್ನು ಯಂತ್ರದಲ್ಲಿ ಪುಡಿಮಾಡಿ ಒಣದಾಗಿಯೇ ಲೋಹ ಬೇರ್ಪಡಿಸುವುದು ಇನ್ನೊಂದು. ಕುಲುಮೆಯಲ್ಲಿ ಕರಗಿಸುವುದು ಮೂರನೆಯದು, ಆಸಿಡ್‌ನಲ್ಲಿ ಕರಗಿಸಿ ಚಿನ್ನ, ತಾಮ್ರ ತೆಗೆಯುವುದು ನಾಲ್ಕನೆಯದು. ಮೊದಲನೆಯದರ ಅಪಾಯ ಮುಖ್ಯವಾಗಿ ಕಾರ್ಮಿಕರಿಗೆ, ಅಗ್ನಿ ಅವಘಡಕ್ಕೆ. ಎರಡನೆಯದರಲ್ಲಿ ಗಾಜಿನ ನಾರಿನ ದೂಳು. ಕೊನೆಯ ಎರಡರಲ್ಲಿ ಚಿಮಣಿ ಮತ್ತು ಕೊಳಚೆ ನೀರು ಊರಿನ ವಿಷಯವಾಗುತ್ತವೆ. ಎಲ್ಲದಕ್ಕೂ ಒಂದೇ ಘೋಷಣೆ ಕೂಗಿದರೆ, ಕೈಯಲ್ಲಿ ಬಿಚ್ಚುವ ನಿರುಪದ್ರವಿ ಘಟಕ ಓಡಿಹೋಗಿ ಅದೇ ಮಾಲು ನಿಮ್ಮ ಕೆರೆಯಂಗಳದಲ್ಲಿ ರಾತ್ರಿ ಸುಡುವವರ ಕೈಗೆ ಹೋಗುತ್ತದೆ. ದಾಬಸ್‌ಪೇಟೆಯಲ್ಲಿ 2005ರಿಂದ ಅಧಿಕೃತ ಇ-ತ್ಯಾಜ್ಯ ಘಟಕ ಇದೆ, ದೇಶದ ಮೊದಲನೆಯವುಗಳಲ್ಲಿ ಅದೂ ಒಂದು. ಮಾಡಲಾಗದ ಕೆಲಸವೇನಲ್ಲ.

ಸ್ಥಾಪನೆಗೆ ಮುನ್ನ ಪಡೆಯುವ ಸಿಎಫ್‌ಇ, ಅಂದರೆ ಸ್ಥಾಪನಾ ಸಮ್ಮತಿ ಪತ್ರದ ಅರ್ಜಿಯಲ್ಲಿ ವಿಧಾನದ ವಿವರ ಇರುತ್ತದೆ. ಅದರ ನಕಲು ತರಿಸಿಕೊಂಡು ಸಾಮಗ್ರಿಯ ಲೆಕ್ಕ ನೋಡಿ. ಸರ್ಕೀಟ್ ಬೋರ್ಡಿನಲ್ಲಿ ತೂಕದ ಸುಮಾರು ಶೇ 30ರಷ್ಟು ಮಾತ್ರ ಲೋಹ. ಉಳಿದದ್ದು ಗಾಜಿನ ನಾರು, ರಾಳ. ಟನ್ ಬೋರ್ಡಿಗೆ 700 ಕಿಲೋ ಪುಡಿ ಉಳಿಯುತ್ತದೆ. ‘ಆ 700 ಕಿಲೋ ಎಲ್ಲಿಗೆ ಹೋಗುತ್ತದೆ?’ ಇದೊಂದು ಪ್ರಶ್ನೆಗೆ ಸಭೆಯಲ್ಲಿ ತಡವರಿಸಿದರೆ ಯೋಜನೆ ಇನ್ನೂ ಹಸಿಯಾಗಿದೆ ಎಂದರ್ಥ. ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಕೇಂದ್ರದೊಂದಿಗೆ ಒಪ್ಪಂದದ ಪತ್ರ ಕೇಳಿ. ದೂಳಿಗೆ ಚೀಲದ ಫಿಲ್ಟರ್, ಆಸಿಡ್ ಆವಿಗೆ ಸ್ಕ್ರಬರ್ (ಆವಿಯನ್ನು ತೊಳೆಯುವ ಯಂತ್ರ) ನಕ್ಷೆಯಲ್ಲಿವೆಯೇ ನೋಡಿ. ಬಿಚ್ಚುವ ಘಟಕಕ್ಕೆ ದಿನಕ್ಕೆ ಒಂದು ಟನ್ ಸಾಮರ್ಥ್ಯಕ್ಕೆ ಸುಮಾರು 300 ಚದರ ಮೀಟರ್ ಜಾಗ ಬೇಕೆಂದು ಕೇಂದ್ರ ಮಂಡಳಿಯ 2016ರ ಮಾರ್ಗಸೂಚಿ ಹೇಳುತ್ತದೆ. 500 ಚದರ ಮೀಟರಿನ ಶೆಡ್ಡಿಗೆ ದಿನಕ್ಕೆ 10 ಟನ್ ಎಂದು ಬರೆದಿದ್ದರೆ ಆ ಸಾಮರ್ಥ್ಯ ಕಾಗದದ್ದು. ಹಾಗೆ ಬರೆಯುವುದಕ್ಕೂ ಕಾರಣ ಇದೆ. ಉತ್ಪಾದಕ ಕಂಪನಿಗಳು ವರ್ಷಕ್ಕೆ ಇಷ್ಟು ಶೇಕಡ ಮರುಬಳಕೆ ಮಾಡಿಸಲೇಬೇಕು (2025-26, 2026-27ಕ್ಕೆ ಶೇ 70, ಆಮೇಲೆ 80), ಅದಕ್ಕಾಗಿ ಮರುಬಳಕೆದಾರರಿಂದ ಪ್ರಮಾಣಪತ್ರ ಕೊಳ್ಳುತ್ತವೆ. ಸಾಮರ್ಥ್ಯ ಹೆಚ್ಚು ತೋರಿಸಿದಷ್ಟು ಮಾರಲು ಪ್ರಮಾಣಪತ್ರ ಹೆಚ್ಚು.

ಮಾಲನ್ನು ಸಾಮಾನ್ಯವಾಗಿ 180 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ. ಗೋದಾಮು ತುಂಬಿ ಅಂಗಳಕ್ಕೆ ಬಂದರೆ ಅದೇ ದೂರಿಗೆ ವಸ್ತು.

ಕೇವಲ ಬಿಚ್ಚುವ ಘಟಕಕ್ಕೆ ಸಾಮಾನ್ಯವಾಗಿ ಪರಿಸರ ಅನುಮತಿ, ಅಹವಾಲು ಸಭೆ ಇರುವುದಿಲ್ಲ. ಭಾರಲೋಹ ತೆಗೆಯುವಂಥದ್ದಕ್ಕೆ, ಅಪಾಯಕಾರಿ ತ್ಯಾಜ್ಯದ ಸಾಮೂಹಿಕ ವಿಲೇವಾರಿ ಕೇಂದ್ರಕ್ಕೆ ಪರಿಸರ ಪರಿಣಾಮ ಅಧ್ಯಯನದ ಬಗೆಗಿನ 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಅನ್ವಯಿಸುತ್ತದೆ. ಸಭೆ ನಡೆಯುವುದಾದರೆ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಅಧ್ಯಯನ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಇಡೀ ಸಭೆಯ ವಿಡಿಯೊ ಆಗಬೇಕು, ಕೊನೆಯಲ್ಲಿ ನಡಾವಳಿಯನ್ನು ಅಲ್ಲೇ ಓದಿ ಹೇಳಬೇಕು. ಇವುಗಳಲ್ಲಿ ಒಂದು ತಪ್ಪಿದ್ದರೂ ಸಭೆಯಲ್ಲೇ ಲಿಖಿತವಾಗಿ ದಾಖಲಿಸಿ. ಇನ್ನೊಂದು ಎಚ್ಚರಿಕೆ: ಸಭೆಗೆ ಕೋರಂ ಇಲ್ಲ. ಬಹಿಷ್ಕರಿಸಿ ಹೊರನಡೆದರೆ, ಒಳಗೆ ಹತ್ತು ಜನ ಕೂತು ‘ಆಕ್ಷೇಪ ಇಲ್ಲ’ ಎಂದರೂ ಸಭೆ ಮುಗಿದಂತೆಯೇ. ಕುರ್ಚಿ ಎಸೆದು ಸಭೆ ಮುರಿದದ್ದು ಮರುದಿನದ ಪತ್ರಿಕೆಗೆ ಸುದ್ದಿ, ಕಡತಕ್ಕೆ ಉಳಿಯುವುದು ನೀವು ಬರೆದುಕೊಟ್ಟದ್ದು ಮಾತ್ರ.

ಪ್ರತಿಭಟನೆಯಿಂದ ಇ-ತ್ಯಾಜ್ಯದ ಕಾನೂನು ಎಲ್ಲಾದರೂ ಬದಲಾದದ್ದುಂಟೇ?
— ಸ್ನಾತಕೋತ್ತರ ವಿದ್ಯಾರ್ಥಿನಿ, ಮೈಸೂರು

ಉಂಟು, ಅದೂ ಬೆಂಗಳೂರಿನಲ್ಲೇ. 2005ರಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ಕಾರ್ಯಕರ್ತರು ವಿಪ್ರೊ ಕಂಪನಿಯ ಕೇಂದ್ರ ಕಚೇರಿಯ ಮುಂದೆ ಇ-ತ್ಯಾಜ್ಯ ಸುರಿದು ಎರಡು ಬೇಡಿಕೆ ಇಟ್ಟರು: ಮಾರಿದ ಕಂಪ್ಯೂಟರನ್ನು ಆಯುಸ್ಸು ಮುಗಿದ ಮೇಲೆ ವಾಪಸು ಪಡೆಯಿರಿ, ವಿಷವಸ್ತುಗಳನ್ನು ಬಿಡಿ. ಕೆಲವೇ ವರ್ಷಗಳಲ್ಲಿ ಆ ಕಂಪನಿ ಎರಡನ್ನೂ ಮಾಡಿತು. ಅದಕ್ಕಿಂತ ಮುಖ್ಯವಾದದ್ದು ಆಮೇಲೆ ನಡೆದದ್ದು. ಗ್ರೀನ್‌ಪೀಸ್, ದೆಹಲಿಯ ಪರಿಸರ ಸಂಸ್ಥೆ ಟಾಕ್ಸಿಕ್ಸ್ ಲಿಂಕ್, ಜರ್ಮನಿ ಸರ್ಕಾರದ ನೆರವು ಸಂಸ್ಥೆ ಜಿಟಿಜಡ್ ಮತ್ತು ಕಂಪ್ಯೂಟರ್ ತಯಾರಕರ ಸಂಘವಾದ ಮೇಟ್ ಒಟ್ಟಿಗೆ ಕೂತು ನಿಯಮದ ಕರಡು ಬರೆದು 2009ರಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಕೊಟ್ಟವು. 2011ರಲ್ಲಿ ಮೊದಲ ಇ-ತ್ಯಾಜ್ಯ ನಿಯಮ ಬಂದು 2012ರ ಮೇ 1ರಿಂದ ಜಾರಿಯಾಯಿತು. ಇ-ತ್ಯಾಜ್ಯಕ್ಕೆ ಉತ್ಪಾದಕರೂ ಹೊಣೆ ಎಂಬ ಮಾತು ಮೊದಲ ಸಲ ನಮ್ಮ ಕಾನೂನಿಗೆ ಬಂದದ್ದು ಆಗ.

ಅಮೆರಿಕದಲ್ಲಿ ಡೆಲ್ ಕಂಪನಿ ಹಳೆ ಕಂಪ್ಯೂಟರು ಬಿಚ್ಚಲು ಜೈಲಿನ ಕೈದಿಗಳನ್ನು ಬಳಸುವ ಸಂಸ್ಥೆಗೆ ಗುತ್ತಿಗೆ ಕೊಟ್ಟಿತ್ತು. 2003ರ ಜನವರಿಯಲ್ಲಿ ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳದ ಹೊರಗೆ ಹೋರಾಟಗಾರರು ಕೈದಿಗಳ ಉಡುಪಿನಲ್ಲಿ ನಿಂತರು. ಅದೇ ವರ್ಷ ಆ ಗುತ್ತಿಗೆ ನಿಂತಿತು.

ಬೆಂಗಳೂರಿನ ಹೊರವಲಯದ ಮಂಡೂರಿನದು ಬೇರೆ ಪಾಠ. ಅಲ್ಲಿದ್ದದ್ದು ನಗರದ ಮಿಶ್ರ ಕಸ. ಮಾವಳ್ಳಿಪುರದ ಜನ 2012ರಲ್ಲಿ ತಮ್ಮೂರಿನ ಕಸದ ಗುಂಡಿಯ ಬಾಗಿಲು ಮುಚ್ಚಿಸಿದ ಮೇಲೆ ಹೊರೆ ಮಂಡೂರಿನ ಮೇಲೆ ಬಿತ್ತು. ಮಂಡೂರಿನವರು ಲಾರಿ ತಡೆದು, 2014ರ ಡಿಸೆಂಬರ್ 1ರಿಂದ ಕಸ ಬರದಂತೆ ಮಾಡಿದರು. ಗೆದ್ದದ್ದು ನಿಜ. ಕಸ ಮಾತ್ರ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಡೆಯ ಕ್ವಾರಿಗಳಿಗೆ ಹೋಯಿತು. ಉತ್ತರ ಪ್ರದೇಶದ ಮೊರಾದಾಬಾದ್‌ನಲ್ಲಿ ಬೋರ್ಡು ಸುಟ್ಟ ಕಪ್ಪು ಬೂದಿ ರಾಮಗಂಗಾ ನದಿಯ ದಡದಲ್ಲಿ ಗುಡ್ಡೆಯಾಗಿತ್ತು. ಅಲ್ಲಿ ಸುರಿದವರಿಗೆ ಒಂದು ಲಕ್ಷ ರೂಪಾಯಿ ದಂಡ ಎಂದು 2017ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. ಸುಟ್ಟು ಬದುಕುವ ಕುಟುಂಬಗಳಿಗೆ ಬೇರೆ ದಾರಿ ತೋರಿಸದೆ ದಾಳಿ ಮಾಡಿದರೆ ಒಲೆ ಒಂದು ಗಲ್ಲಿಯಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೇ. 2022ರ ನಿಯಮ ಇದಕ್ಕೂ ಜಾಗ ಬಿಟ್ಟಿದೆ: ಕೈಗಾರಿಕಾ ಪ್ರದೇಶದಲ್ಲಿ ಬಿಚ್ಚುವ ಕೆಲಸಕ್ಕೆ ಜಾಗ ಮೀಸಲಿಡುವುದು, ಕಾರ್ಮಿಕರನ್ನು ನೋಂದಾಯಿಸುವುದು, ಗುಂಪು ಕಟ್ಟಲು ನೆರವಾಗುವುದು, ತರಬೇತಿ ಕೊಡುವುದು ರಾಜ್ಯ ಸರ್ಕಾರದ ಹೊಣೆ. ನಿಮ್ಮ ಪ್ರಬಂಧಕ್ಕೆ ವಿಷಯ ಬೇಕಿದ್ದರೆ, ಕರ್ನಾಟಕದ ಯಾವ ಕೈಗಾರಿಕಾ ಪ್ರದೇಶದಲ್ಲಿ ಎಷ್ಟು ಚದರ ಮೀಟರ್ ಹೀಗೆ ಮೀಸಲಾಗಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಿ ನೋಡಿ. ಯಾವ ಹೋರಾಟದ ಬೇಡಿಕೆ ಪಟ್ಟಿಯಲ್ಲೂ ಇದನ್ನು ಕಾಣುವುದು ಅಪರೂಪ.

ಕಂಪನಿಗಳೂ ತಮ್ಮ ರೀತಿಯಲ್ಲಿ ಪ್ರತಿಭಟಿಸುತ್ತವೆ. ಮರುಬಳಕೆದಾರರಿಗೆ ಕಿಲೋಗೆ ಕನಿಷ್ಠ 22 ರೂಪಾಯಿ ಕೊಡಬೇಕೆಂಬ ಕೇಂದ್ರದ ದರದ ವಿರುದ್ಧ ಹೆಸರಾಂತ ತಯಾರಕರು 2025ರಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದರು. ಅವರು ಬೀದಿಗೆ ಇಳಿಯಬೇಕಾಗಿಲ್ಲ.

ಹಳೆ ಫೋನ್ ಕೊಡುವಾಗ ಒಳಗಿನ ಫೋಟೊ, ಬ್ಯಾಂಕ್ ವಿವರ ಸೋರುವ ಭಯ. ಸುತ್ತಿಗೆಯಿಂದ ಒಡೆದು ಕೊಡಬಹುದೇ?
— ದಾವಣಗೆರೆ

ಬೇಡ, ಬ್ಯಾಟರಿ ಹೊತ್ತಿಕೊಳ್ಳುತ್ತದೆ. ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಥವಾ ಆಪಲ್ ಖಾತೆಯನ್ನು ಮೊದಲು ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಫೋನ್ ಬೀಗ ಬಿದ್ದು, ಸರಿಯಿದ್ದ ಫೋನೂ ಗುಜರಿಯಾಗುತ್ತದೆ. ಈಗಿನ ಫೋನುಗಳಲ್ಲಿ ದತ್ತಾಂಶ ಗೂಢಲಿಪಿಯಲ್ಲೇ ಇರುವುದರಿಂದ ರೀಸೆಟ್ ಸಾಕು. ಹಳೆ ಕಂಪ್ಯೂಟರಿನ ಹಾರ್ಡ್‌ಡಿಸ್ಕಿಗೆ ಪೂರ್ತಿ ಒಂದು ಸಲ ಮೇಲೆ ಬರೆಯುವ ತಂತ್ರಾಂಶ ಓಡಿಸಿ, ಡಿಲೀಟ್ ಮಾಡಿದರೆ ಅಳಿಯುವುದಿಲ್ಲ.

ಕಾಲೇಜಿನಿಂದ ಜಿಲ್ಲಾಧಿಕಾರಿ ಕಚೇರಿ ಮುಂದೆ ಪ್ರತಿಭಟನೆ ಮಾಡಬೇಕೆಂದಿದ್ದೇವೆ. ಹಳೆ ಟಿವಿ, ಮಾನಿಟರ್ ರಾಶಿ ಹಾಕಿ ಒಡೆದು, ಅಣಕು ದಹನ ಮಾಡುವ ಯೋಚನೆ ಇದೆ. ಅನುಮತಿ ಬೇಕೇ?
— ಶಿವಮೊಗ್ಗ

ಸ್ಥಳೀಯ ಠಾಣೆಗೆ ಬರೆದು ಕೊಡಿ. ದಿನಾಂಕ, ಸಮಯ, ಜಾಗ, ಅಂದಾಜು ಜನ, ಜವಾಬ್ದಾರರಾದ ಇಬ್ಬರ ಹೆಸರು-ಫೋನ್, ಧ್ವನಿವರ್ಧಕ ಇದ್ದರೆ ಅದು, ಎಲ್ಲ ಇರಲಿ. ಆ ದಿನ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಅಡಿ ನಿಷೇಧಾಜ್ಞೆ ಇದೆಯೇ ಕೇಳಿಕೊಳ್ಳಿ, ಹಳೆಯ 144 ಅಂದರೆ ಅದೇ. ಬೆಂಗಳೂರಿನಲ್ಲಾಗಿದ್ದರೆ 2021ರ ಆದೇಶದ ಪ್ರಕಾರ ಫ್ರೀಡಂ ಪಾರ್ಕ್ ಬಿಟ್ಟು ಬೇರೆಡೆ ಅವಕಾಶ ಇರುತ್ತಿರಲಿಲ್ಲ.

ಟಿವಿ ಒಡೆಯಬೇಡಿ. ಹಳೆ ಟಿವಿಯ ಗಾಜಿನ ಕೊಳವೆಯ ಒಳಗೆ ನಿರ್ವಾತ ಇರುತ್ತದೆ, ಪೆಟ್ಟು ಬಿದ್ದರೆ ಗಾಜು ಸಿಡಿದು ಮುಖಕ್ಕೆ ಬರುತ್ತದೆ. ಮೇಲಿಂದ ಸೀಸ, ಪರದೆಯ ಒಳಬದಿಯ ಲೇಪನದ ಪುಡಿ. ಅಣಕು ದಹನಕ್ಕೆ ರಟ್ಟಿನ ಟಿವಿಯನ್ನೂ ಸುಡಬೇಡಿ, ಇ-ತ್ಯಾಜ್ಯ ಸುಡುವುದರ ವಿರುದ್ಧದ ಪ್ರತಿಭಟನೆಯಲ್ಲಿ ಬೆಂಕಿ ಕಂಡರೆ ಕ್ಯಾಮೆರಾ ತಿರುಗುವುದು ಆ ಕಡೆಗೇ. ರಾಶಿ ಹಾಕುವುದು ಒಳ್ಳೆಯದು. ಕೆಳಗೆ ಟಾರ್ಪಾಲು ಹಾಸಿ, ಪ್ರತಿ ವಸ್ತುವಿಗೂ ಯಾವ ಬಡಾವಣೆಯಿಂದ ಬಂತು, ಎಷ್ಟು ಕಿಲೋ ಎಂದು ಚೀಟಿ ಅಂಟಿಸಿ. ಬ್ಯಾಟರಿ, ಟ್ಯೂಬ್‌ಲೈಟು ತರಬೇಡಿ. ಕಸದೊಳಗೆ ಸೇರಿದ, ವಾರಸುದಾರರಿಲ್ಲದ ಇ-ತ್ಯಾಜ್ಯವನ್ನು ಬೇರ್ಪಡಿಸಿ ನೋಂದಾಯಿತರಿಗೆ ತಲುಪಿಸುವುದು ನಗರ ಸ್ಥಳೀಯ ಸಂಸ್ಥೆಯ ಕೆಲಸ ಎಂದು ನಿಯಮದ ಅನುಸೂಚಿಯೇ ಹೇಳುತ್ತದೆ. ಮನವಿ ಪತ್ರದ ಮೊದಲ ಬೇಡಿಕೆಯಾಗಿ ಅದನ್ನು ಬರೆಯಿರಿ. ಸಂಜೆ ಆ ರಾಶಿಯನ್ನು ಒಯ್ಯಲು ಮರುಬಳಕೆದಾರರ ಗಾಡಿಯನ್ನು ಹಿಂದಿನ ದಿನವೇ ಗೊತ್ತುಮಾಡಿಡಿ, ಬಾಡಿಗೆ ಯಾರು ಕೊಡುತ್ತಾರೆ ಎಂಬುದನ್ನೂ ಸೇರಿಸಿ.